ಹ್ಯಾರಿ ಡೀನ್ ಸ್ಟಾಂಟನ್ ನಟಿಸುತ್ತಲೇ ಇರಲಿಲ್ಲವೇ?

ಓದುಗರ ಪ್ರಶ್ನೆ: ಹ್ಯಾರಿ ಡೀನ್ ಸ್ಟಾಂಟನ್ ಸಿನಿಮಾ, ಟೀವಿ ಸೇರಿ ಸುಮಾರು 200 ಪಾತ್ರ ಮಾಡಿದ್ದಾರೆ ಅಂತೀರಿ. ಆದರೆ ಎಲ್ಲ ಕಡೆ ಅದೇ ಸೊರಗಿದ ಮುಖ, ಅದೇ ನಿಧಾನದ ಮಾತು. ಅವರು ನಟಿಸುತ್ತಿರಲಿಲ್ಲ, ಸುಮ್ನೆ ತಾವಾಗಿಯೇ ಇರುತ್ತಿದ್ದರು, ಅಲ್ವಾ?

ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಉದ್ದಕ್ಕೇ ಹೇಳಿಬಿಡುತ್ತೇನೆ.

ಹಿನ್ನೆಲೆ ಚಿಕ್ಕದಾಗಿ. ಸ್ಟಾಂಟನ್ ಅಮೆರಿಕದ ನಟ. ಹುಟ್ಟಿದ್ದು 1926ರಲ್ಲಿ, ಅಲ್ಲಿನ ಕೆಂಟಕಿ ರಾಜ್ಯದಲ್ಲಿ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಹಡಗಿನಲ್ಲಿ ಅಡುಗೆ ಮಾಡಿದರು. ಆಮೇಲೆ ಕೆಂಟಕಿ ವಿಶ್ವವಿದ್ಯಾಲಯ, ಅಲ್ಲಿಂದ ಕ್ಯಾಲಿಫೋರ್ನಿಯಾದ ಪಾಸಡೀನಾ ಪ್ಲೇಹೌಸ್‌ನಲ್ಲಿ ನಟನೆಯ ತರಬೇತಿ. 1950ರ ದಶಕದಲ್ಲಿ ಟೀವಿಗೆ ಬಂದರು. ಹಳೆಯ ಟೈಟಲ್ ಕಾರ್ಡುಗಳಲ್ಲಿ ಅವರ ಹೆಸರು 'ಡೀನ್ ಸ್ಟಾಂಟನ್' ಎಂದಷ್ಟೇ ಇರುತ್ತದೆ. ಹುಡುಕುವವರು ಅದನ್ನು ನೆನಪಿಡಿ.

ಈಗ ಆ ನಂಬಿಕೆಯ ವಿಷಯ. ಅದಕ್ಕೆ ಬೇರು ಇದೆ. 1960ರ ದಶಕದ ನಡುವೆ ನಟ ಜ್ಯಾಕ್ ನಿಕಲ್ಸನ್ ಒಂದು ವೆಸ್ಟರ್ನ್ ಸಿನಿಮಾಕ್ಕೆ, ಅಂದರೆ ಕೌಬಾಯ್ ಕಾಲದ ಸಿನಿಮಾಕ್ಕೆ, ಕಥೆ ಬರೆದು, ಅದರಲ್ಲಿ ಒಕ್ಕಣ್ಣಿನ ದರೋಡೆಕೋರನ ಪಾತ್ರವನ್ನು ಗೆಳೆಯ ಸ್ಟಾಂಟನ್‌ಗೆ ಕೊಟ್ಟರು. ನೀನು ಏನೂ ಮಾಡಬೇಡ, ನಟನೆಯನ್ನು ವೇಷಕ್ಕೆ ಬಿಡು, ನೀನು ನೀನಾಗಿರು ಎಂದರು. ಈ ಮಾತು ತಮ್ಮ ಕಣ್ಣು ತೆರೆಸಿತು ಎಂದು ಸ್ಟಾಂಟನ್ ಸಂದರ್ಶನಗಳಲ್ಲಿ ಹೇಳುತ್ತಾ ಹೋದರು. ಕೇಳಿದವರು ಅದನ್ನು 'ಅವರಿಗೆ ನಟನೆಯೇ ಬೇಕಿರಲಿಲ್ಲ' ಎಂದು ತಿರುಚಿಕೊಂಡರು.

ಆ ಸಲಹೆ ಯಾರಿಗೆ ಸಿಕ್ಕಿತು ನೋಡಿ. ನಾಟಕಶಾಲೆಯಲ್ಲಿ ಕಲಿತು, ಹತ್ತಾರು ಪಾತ್ರ ಮಾಡಿ ಪಳಗಿದವರಿಗೆ. ದನಿ, ಮೈ, ಸಮಯ ಎಲ್ಲ ಕೈಯಲ್ಲಿದ್ದವರು ಬೇಡದ್ದನ್ನು ತೆಗೆದುಹಾಕಬಹುದು. ಏನೂ ಇಲ್ಲದವರು ಏನನ್ನು ತೆಗೆಯುತ್ತಾರೆ?

ಪಾತ್ರಗಳನ್ನೇ ಪಕ್ಕಪಕ್ಕದಲ್ಲಿಡಿ. 1979ರ 'ಏಲಿಯನ್'ನಲ್ಲಿ ಬಾಹ್ಯಾಕಾಶ ಹಡಗಿನ ಮೆಕ್ಯಾನಿಕ್ ಬ್ರೆಟ್. ಜೊತೆಗಾರ ಏನಂದರೂ 'ರೈಟ್' ಎನ್ನುತ್ತಾನೆ. ಬೆಕ್ಕು ಹುಡುಕಲು ಹೋದವನು ಮೇಲಿಂದ ನೀರು ಸುರಿಯುವಲ್ಲಿ ನಿಂತು, ಟೋಪಿ ತೆಗೆದು ಮುಖ ಒಡ್ಡುತ್ತಾನೆ. ದುಡಿದು ಬೆವೆತ ಮನುಷ್ಯ ಅನ್ನುವುದಕ್ಕೆ ಬೇರೆ ಡೈಲಾಗ್ ಬೇಕಾಗುವುದಿಲ್ಲ. 1988ರಲ್ಲಿ ಮಾರ್ಟಿನ್ ಸ್ಕಾರ್ಸೆಸಿಯ ಏಸುವಿನ ಸಿನಿಮಾದಲ್ಲಿ ಇದೇ ಮನುಷ್ಯ ಕ್ರೈಸ್ತ ಮತ ಸಾರಿದ ಪೌಲ. ಜನರ ನಡುವೆ ನಿಂತು ಬೋಧಿಸುತ್ತಾನೆ, ಏಸು ಎದುರಿಗೇ ಬಂದು ನಿನ್ನ ಮಾತು ಸುಳ್ಳು ಎಂದರೂ ಜಗ್ಗುವುದಿಲ್ಲ. 2006ರಲ್ಲಿ ಶುರುವಾದ 'ಬಿಗ್ ಲವ್' ಧಾರಾವಾಹಿಯಲ್ಲಿ ಬಹುಪತ್ನಿತ್ವದ ಪಂಗಡವನ್ನು ಆಳುವ ರೋಮನ್ ಗ್ರಾಂಟ್. ಅದೇ ಮೆತ್ತನೆಯ ದನಿ, ಕೇಳಿದರೆ ಭಯವಾಗುತ್ತದೆ. ಈ ಮೂವರೂ ಒಬ್ಬರೇ ಅಂದರೆ ನಾನು ಒಪ್ಪುವುದಿಲ್ಲ. ಮುಖ ಒಂದೇ, ಮನುಷ್ಯರು ಬೇರೆ.

ಇನ್ನೂ ಅನುಮಾನವಿದ್ದರೆ 1984ರ 'ಪ್ಯಾರಿಸ್, ಟೆಕ್ಸಸ್' ನೋಡಿ. ವಿಮ್ ವೆಂಡರ್ಸ್ ನಿರ್ದೇಶನ, ಕಾನ್ ಚಿತ್ರೋತ್ಸವದಲ್ಲಿ ಅಲ್ಲಿನ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಗೆದ್ದದ್ದು. ಆಗ ಸ್ಟಾಂಟನ್‌ಗೆ 58ರ ಆಸುಪಾಸು. ಮೊದಲ 20 ನಿಮಿಷಕ್ಕೂ ಜಾಸ್ತಿ ಅವರು ಬಾಯಿ ಬಿಡುವುದಿಲ್ಲ. ಮರುಭೂಮಿಯಲ್ಲಿ ಕೆಂಪು ಟೋಪಿ ಹಾಕಿಕೊಂಡು ನಡೆಯುತ್ತಾರೆ. ಕೊನೆಯ ಭಾಗದಲ್ಲಿ ಎಲ್ಲ ತಿರುಗುಮುರುಗು. ಬಿಟ್ಟುಹೋದ ಹೆಂಡತಿ ಗಾಜಿನ ಆಚೆ, ಇವನು ಈಚೆ. ಇವನಿಗೆ ಅವಳು ಕಾಣುತ್ತಾಳೆ, ಅವಳಿಗೆ ಇವನು ಕಾಣುವುದಿಲ್ಲ. ಇವನು ಕುರ್ಚಿ ತಿರುಗಿಸಿ, ಅವಳಿಗೆ ಬೆನ್ನು ಹಾಕಿ ಕೂತು, ಫೋನಿನಲ್ಲಿ ತಮ್ಮಿಬ್ಬರ ಸಂಸಾರದ ಕಥೆಯನ್ನೇ ಬೇರೆ ಯಾರದೋ ಎಂಬಂತೆ ಹೇಳುತ್ತಾನೆ. ನಿಮಿಷಗಟ್ಟಲೆ ಮಾತು. ದನಿ ಏರುವುದಿಲ್ಲ, ಅಳುವುದಿಲ್ಲ. ಆದರೂ ಅವಳಿಗೆ ಗುರುತು ಹತ್ತುವ ಕ್ಷಣ ನಮಗೂ ಗೊತ್ತಾಗುತ್ತದೆ. ಇಷ್ಟು ಉದ್ದದ ಮಾತನ್ನು ಇಷ್ಟು ಹದವಾಗಿ ಹಿಡಿದುಕೊಳ್ಳುವುದು ಸುಮ್ನೆ ಕೂತರೆ ಆಗುತ್ತದೆಯೇ? ಯಾರಾದರೂ ಮನೆಯಲ್ಲಿ ಎರಡು ನಿಮಿಷ ಪ್ರಯತ್ನಿಸಿ ನೋಡಲಿ.

1999ರ 'ದಿ ಸ್ಟ್ರೈಟ್ ಸ್ಟೋರಿ' ಇನ್ನೂ ಕಷ್ಟದ ಪರೀಕ್ಷೆ. ಮುದುಕನೊಬ್ಬ ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಅಯೋವಾದಿಂದ ವಿಸ್ಕಾನ್ಸಿನ್‌ವರೆಗೆ ತನ್ನ ಸೋದರನನ್ನು ನೋಡಲು ಹೋಗುತ್ತಾನೆ. ಸಿನಿಮಾ ಪೂರ್ತಿ ಆ ಸೋದರನಿಗಾಗಿ ಕಾಯುತ್ತೇವೆ. ಬರುವುದು ಕಡೆಯ ಕೆಲವು ನಿಮಿಷಕ್ಕೆ. ಸ್ಟಾಂಟನ್ ಆ ಯಂತ್ರ ನೋಡಿ, ನನ್ನನ್ನು ನೋಡೋಕೆ ಇದರ ಮೇಲೇ ಬಂದೆಯಾ ಎಂದು ಕೇಳುತ್ತಾರೆ. ಅಲ್ಲಿ ಒಂದು ಎಳೆ ತಪ್ಪಿದರೂ ಹಿಂದಿನದೆಲ್ಲ ವ್ಯರ್ಥ. ಪೋಷಕ ನಟನ ಮೇಲೆ ಎಷ್ಟು ಭಾರ ಬೀಳುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆಸ್ಕರ್ ನಾಮಿನೇಷನ್ ಒಂದೂ ಬರಲಿಲ್ಲ, ನಿಜ. ಅದು ಆಸ್ಕರ್ ಕೊಡುವವರ ಲೆಕ್ಕ.

ಯಾರೂ ಕೇಳದ ಇನ್ನೊಂದು ವಿಷಯವಿದೆ. ಇಷ್ಟೊಂದು ಪಾತ್ರ ಸಿಕ್ಕಿದ್ದಾದರೂ ಹೇಗೆ? ಒಂದು ಕಾರಣ ಟೀವಿ ವೆಸ್ಟರ್ನ್‌ಗಳು. 'ಗನ್‌ಸ್ಮೋಕ್' ಒಂದೇ 1955ರಿಂದ 1975ರವರೆಗೆ 635 ಕಂತು ನಡೆಯಿತು. ಕಾನೂನು ಕಾಯುವ ಮಾರ್ಷಲ್ ಅದೇ ಮನುಷ್ಯ, ಆದರೆ ಕಳ್ಳ, ಸಾಲಗಾರ, ಸಾಕ್ಷಿ ವಾರವಾರವೂ ಹೊಸಬರು ಬೇಕು. ಸ್ಟಾಂಟನ್‌ರಂಥ ಮುಖಗಳಿಗೆ ಅಲ್ಲಿ ಸದಾ ಕೆಲಸವಿತ್ತು.

ಕೆಲಸ ಸಿಕ್ಕರೂ ಎರಡು ದಿನದ ಶೂಟಿಂಗ್‌ಗೆ ಎರಡು ದಿನದ್ದೇ ಸಂಬಳ. ಟೀವಿ ಕಂತುಗಳ ಮರುಪ್ರಸಾರಕ್ಕೆ 1950ರ ದಶಕದ ಆರಂಭದಲ್ಲೇ ನಟರ ಸಂಘ ಒಂದಿಷ್ಟು ಹಣ ಕೊಡಿಸಿತ್ತು. ಆದರೆ ಸಿನಿಮಾವನ್ನು ಸ್ಟುಡಿಯೊ ಟೀವಿಗೆ ಮಾರಿಕೊಂಡರೆ ನಟರಿಗೆ ಬಿಡಿಗಾಸೂ ಇರಲಿಲ್ಲ. 1960ರ ಮಾರ್ಚ್‌ನಲ್ಲಿ ಸಂಘ ಮುಷ್ಕರ ಹೂಡಿತು. ಅಧ್ಯಕ್ಷರು ರೊನಾಲ್ಡ್ ರೇಗನ್, ಮುಂದೆ ಅಮೆರಿಕದ ಅಧ್ಯಕ್ಷರಾದವರೇ. ಏಪ್ರಿಲ್‌ನಲ್ಲಿ ಒಪ್ಪಂದವಾಯಿತು. ಹಳೆಯ ಸಿನಿಮಾಗಳ ಪಾಲು ಬಿಟ್ಟುಕೊಡಬೇಕಾಯಿತು, ಬದಲಿಗೆ ಪಿಂಚಣಿ ಮತ್ತು ಆರೋಗ್ಯ ನಿಧಿಗೆ ದೊಡ್ಡ ಮೊತ್ತ ಬಂತು. 1960ರಿಂದ ಆಚೆಗಿನ ಸಿನಿಮಾ ಟೀವಿಯಲ್ಲಿ ಬಂದರೆ ನಟರಿಗೆ ಪಾಲು, ಹೀರೊಗೆ ಮಾತ್ರವಲ್ಲ, ಎರಡು ದಿನ ಬಂದು ಹೋದವರಿಗೂ. ಸ್ಟಾಂಟನ್‌ರ ಹೆಸರಾದ ಸಿನಿಮಾಗಳೆಲ್ಲ ಆ ಗೆರೆಯ ಈಚೆಗೆ ಬಂದವು.