ಗುಡುಗು ಮಳೆಯನ್ನು ಒಂದೇ ಅಂಕಿಯಲ್ಲಿ ಅಳೆಯಲು ಹೊರಟ ಕಥೆ

ಗುಡುಗು ಮಳೆಯ ಮುನ್ಸೂಚನೆಯ ನಕ್ಷೆಯಲ್ಲಿ ಕೆಂಪು ಬಳಿದ ಕಡೆ ಹನಿಯೂ ಬೀಳಲಿಲ್ಲ, ಹಳದಿ ಇದ್ದಲ್ಲಿ ಆಲಿಕಲ್ಲು ಸುರಿಯಿತು. ಇಂಥ ದೂರು ಬಣ್ಣದ ನಕ್ಷೆಗಳಿಗಿಂತಲೂ ಹಳೆಯದು.

1884ರಲ್ಲಿ ಅಮೆರಿಕದ ಸೇನೆಯ ಜಾನ್ ಫಿನ್ಲೆ ಸುಂಟರಗಾಳಿಯ ಮುನ್ಸೂಚನೆ ಕೊಡಲು ಹೊರಟರು. 2803 ಮುನ್ಸೂಚನೆಗಳಲ್ಲಿ ಶೇ 96.6ರಷ್ಟು ಸರಿ! ಆದರೆ ಪ್ರತಿಸಲವೂ ‘ಸುಂಟರಗಾಳಿ ಇಲ್ಲ’ ಎಂದಿದ್ದರೆ ಶೇ 98.2 ಸರಿಯಾಗುತ್ತಿತ್ತು. ಅಪರೂಪದ ಅಪಾಯಕ್ಕೆ ಶೇಕಡಾ ಲೆಕ್ಕ ಹಾಕಿದರೆ ಹೀಗೇ ಆಗುವುದು. ಮುಂದೆ ದಶಕಗಳ ಕಾಲ ಅಲ್ಲಿನ ಸರ್ಕಾರಿ ಮುನ್ಸೂಚನೆಯಲ್ಲಿ ಸುಂಟರಗಾಳಿಯ ಹೆಸರೆತ್ತುವಂತಿರಲಿಲ್ಲ. 1930ರ ಸುಮಾರಿಗೆ ಬಲೂನಿನಲ್ಲಿ ಹಾರಿ ಮೇಲಿನ ಗಾಳಿಯ ಉಷ್ಣತೆ, ತೇವಾಂಶ, ಒತ್ತಡ ಅಳೆದು ರೇಡಿಯೊದಲ್ಲಿ ಕಳಿಸುವ ಉಪಕರಣ ‘ರೇಡಿಯೊಸಾಂಡ್’ ಬಂತು. 1948ರ ಮಾರ್ಚ್ 25ರಂದು ಫಾಬುಷ್ ಮತ್ತು ಮಿಲ್ಲರ್ ಎಂಬ ಅಧಿಕಾರಿಗಳು ಓಕ್ಲಹೋಮದ ವಾಯುನೆಲೆಗೆ ಕೊಟ್ಟ ಸುಂಟರಗಾಳಿ ಎಚ್ಚರಿಕೆ ನಿಜವಾಯಿತು.

ಅಲ್ಲಿಂದ ಗುಡುಗು ಮಳೆಯ ಸಾಧ್ಯತೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಸೂಚ್ಯಂಕಗಳ ಸುಗ್ಗಿ. ಈ ಘಟ್ಟದಲ್ಲಿ ಸ್ವಲ್ಪ ನಿಲ್ಲಬೇಕು, ಇಂದಿನ ಗೋಜಲಿನ ಬೇರು ಇಲ್ಲಿದೆ. 1953ರ ಶೋವಾಲ್ಟರ್ ಸೂಚ್ಯಂಕದ ಉಪಾಯ ಸರಳ: 850 ಹೆಕ್ಟೊಪಾಸ್ಕಲ್ ಒತ್ತಡದ ಮಟ್ಟದ, ಅಂದರೆ ಸುಮಾರು ಒಂದೂವರೆ ಕಿ.ಮೀ. ಎತ್ತರದ ಗಾಳಿಯನ್ನು ಲೆಕ್ಕದಲ್ಲೇ ಇನ್ನೂ ಮೇಲಿನ, 500 ಹೆಕ್ಟೊಪಾಸ್ಕಲ್ ಮಟ್ಟಕ್ಕೆ ಏರಿಸಿ, ಅಲ್ಲಿನ ಗಾಳಿಗಿಂತ ಅದು ಬಿಸಿಯಿದೆಯೇ ಎಂದು ನೋಡುವುದು. ಬಿಸಿಯಿದ್ದರೆ ತಾನಾಗಿ ಮೇಲೇರುತ್ತದೆ, ಮೋಡ ಗೋಪುರವಾಗುತ್ತದೆ. ತೊಡಕೇನೆಂದರೆ ತೇವಾಂಶವೆಲ್ಲ ಅದಕ್ಕೂ ಕೆಳಗಿನ ತೆಳು ಪದರದಲ್ಲಿದ್ದರೆ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. 1956ರಲ್ಲಿ ಗಾಲ್ವೇ ಎಂಬ ಹವಾಮಾನ ತಜ್ಞರು ಕೆಳಪದರದ ಸರಾಸರಿ ಹಿಡಿದು ಅದನ್ನು ತಿದ್ದಿದರು. ಆಮೇಲೆ ಕೆ ಸೂಚ್ಯಂಕ, ಟೋಟಲ್ ಟೋಟಲ್ಸ್ ಎಂಬ ಇನ್ನೆರಡು ಸೂಚ್ಯಂಕಗಳು, ಕೊನೆಗೆ ಏರುಗಾಳಿಗೆ ಸಿಗುವ ಒಟ್ಟು ಶಕ್ತಿಯನ್ನು ಒಂದು ಕಿಲೋ ಗಾಳಿಗೆ ಇಷ್ಟು ಜೂಲ್ ಎಂದು ಹೇಳುವ ‘ಕೇಪ್’. ಒಂದು ಪ್ರದೇಶದ ಅನುಭವದಿಂದ ಹುಟ್ಟಿದ, ‘ಇಷ್ಟು ದಾಟಿದರೆ ಗುಡುಗು’ ಎನ್ನುವ ಮಿತಿಗಳು ಇನ್ನೊಂದು ಹವೆಗೆ ಹಾಗೇ ಅಂಟಿಕೊಂಡವು. ಅಂಕಿ ಕಂಡರೆ ನಂಬುವ ಚಪಲ ಯಾರಿಗಿಲ್ಲ?

ಕೇಪ್ 3000 ದಾಟಿದರೂ ಬಿಸಿಲು ಕಾಯುವ ದಿನಗಳುಂಟು. ಮೇಲಿರುವ ಬೆಚ್ಚನೆಯ ಒಣ ಪದರ ಮುಚ್ಚಳದಂತೆ ಕೂತಿರುತ್ತದೆ. ಅದನ್ನು ಒಡೆಯುವ ತಳ್ಳು ಸಿಗದಿದ್ದರೆ ಅಷ್ಟೂ ಶಕ್ತಿ ವ್ಯರ್ಥ. 1980-90ರ ದಶಕಗಳಲ್ಲಿ ಅಮೆರಿಕದ ಹವಾಮಾನ ತಜ್ಞ ಡಾಸ್ವೆಲ್ ಮತ್ತಿತರರು ಹಟ ಹಿಡಿದದ್ದು ಇದಕ್ಕೇ: ತೇವಾಂಶ, ಅಸ್ಥಿರತೆ (ಗಾಳಿ ತಾನಾಗಿ ಮೇಲೇರುವ ಗುಣ), ಮೇಲೆತ್ತುವ ಬಲ ಮೂರನ್ನೂ ಬಿಡಿಬಿಡಿಯಾಗಿ ನೋಡಿ, ಗುಡುಗು ಮೋಡ ಎಷ್ಟು ಹೊತ್ತು ಬಾಳುತ್ತದೆ ಎನ್ನುವುದಕ್ಕೆ ಎತ್ತರದೊಂದಿಗೆ ಗಾಳಿ ಬದಲಾಗುವ ಬಗೆಯನ್ನೂ ಗಮನಿಸಿ. ನನಗೆ ಈ ದಾರಿಯೇ ಪ್ರಾಮಾಣಿಕ ಅನ್ನಿಸುತ್ತದೆ, ನಿಧಾನವಾದರೂ.

ಬಿಡಿ ಗುಡುಗು ಮೋಡದ ಆಯುಷ್ಯ ಒಂದು ಗಂಟೆ ಮೀರುವುದು ಕಡಿಮೆ. ಬಲೂನು ಹಾರುವುದು ಸಾಮಾನ್ಯವಾಗಿ ದಿನಕ್ಕೆರಡು ಸಲ. ಹಾಗಾಗಿ ಈಗ ಹವಾಮಾನದ ಕಂಪ್ಯೂಟರ್ ಮಾದರಿಗಳನ್ನು ಹಲವು ಬಾರಿ ಓಡಿಸಿ ಸಾಧ್ಯತೆಯನ್ನಷ್ಟೇ ಹೇಳುತ್ತಾರೆ. ಅಮೆರಿಕದ ನಕ್ಷೆಯಲ್ಲಿ ಶೇ 15 ಎಂದರೆ, ಒಂದು ಜಾಗದ ಸುತ್ತ ಸುಮಾರು 40 ಕಿ.ಮೀ. ಒಳಗೆ ಎಲ್ಲಾದರೂ ತೀವ್ರ ಹವೆ ಕಾಣಿಸಿಕೊಳ್ಳುವ ಸಾಧ್ಯತೆ. ನಕ್ಷೆ ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಆ 40 ಕಿ.ಮೀ. ಕಳಚಿಹೋಗಿ ಬಣ್ಣ ಮಾತ್ರ ಉಳಿದಿರುತ್ತದೆ.