ಸಿಟಿ ಮಧ್ಯ, ನೀರಿನ ದಡ: ಅಲ್ಲಿ ಮನೆ ಮಾಡ್ಬಹುದಾ?

ಓದುಗರ ಪ್ರಶ್ನೆ: ನಾನು, ನನ್ನ ಹೆಂಡ್ತಿ ಇಬ್ರೂ ಕೆಲ್ಸಕ್ಕೆ ಹೋಗೋರು. ಆಫೀಸಿಗೆ ನಡ್ಕೊಂಡು ಹೋಗೋಷ್ಟು ದೂರದಲ್ಲಿ, ನೀರಿನ ದಡದಲ್ಲೇ ಒಂದು ಫ್ಲ್ಯಾಟ್ ನೋಡಿದ್ವಿ. ತುಂಬಾ ಇಷ್ಟ ಆಗಿದೆ, ಆದ್ರೆ ಸುತ್ತ ಯಾವಾಗ್ಲೂ ಜನ, ಹೋಟೆಲ್ಲು, ಗಲಾಟೆ. ತಗೊಳ್ಳೋದಾ ಬೇಡ್ವಾ?

ಉತ್ತರ: ಇಷ್ಟ ಆಗದೇ ಇದ್ರೇನೇ ಆಶ್ಚರ್ಯ. ಆದ್ರೆ ತಗೊಳ್ಳೋ ಮಾತು ಆಮೇಲೆ ನೋಡೋಣ, ಮೊದ್ಲು ಒಂದು ವರ್ಷ ಅದೇ ಏರಿಯಾದಲ್ಲಿ ಬಾಡಿಗೆಗಿರಿ. ಯಾಕಂದ್ರೆ ಇಂಥ ಜಾಗ ಬೆಳಗ್ಗೆ ಒಂಥರ, ಶನಿವಾರ ರಾತ್ರಿ ಇನ್ನೊಂಥರ, ಮಳೆಗಾಲದಲ್ಲಂತೂ ಬೇರೇನೇ, ಬ್ರೋಕರ್ ನಿಮ್ಮನ್ನ ಕರ್ಕೊಂಡು ಹೋಗೋದು ಮಾತ್ರ ವಾರದ ಮಧ್ಯೆ, ಬಿಸಿಲು ಚೆನ್ನಾಗಿರೋ ಹೊತ್ತಲ್ಲಿ.

ಎಲ್ರೂ ವ್ಯೂ ಬಗ್ಗೆ ಮಾತಾಡ್ತಾರೆ, ನಾನು ನಿದ್ದೆ ಬಗ್ಗೆ ಕೇಳ್ತೀನಿ. ನೀವು ಮಲಗೋದು ಎಷ್ಟು ಗಂಟೆಗೆ? ನೀರಿನ ಮೇಲೆ ಶಬ್ದ ತುಂಬಾ ದೂರ ಹೋಗುತ್ತೆ. ಗಾಳಿ ನಿಂತಿರೋ ಸಂಜೆ, ನೀರು ಮೇಲಿನ ಗಾಳಿಗಿಂತ ತಣ್ಣಗಿದ್ರೆ, ಮೇಲಕ್ಕೆ ಹೋಗ್ಬೇಕಾದ ಶಬ್ದ ಬಾಗಿ ಮತ್ತೆ ಕೆಳಗೇ ಬರುತ್ತೆ, ಹಾಗಾಗಿ ಆಚೆ ದಡದ ಪಾರ್ಟಿಯ ಹಾಡು ನಿಮ್ಮ ಬೆಡ್‌ರೂಮಲ್ಲಿ ಕೇಳುತ್ತೆ. ಮೇಲಿನ ಫ್ಲೋರ್ ತಗೊಂಡ್ರೆ ಸರಿಹೋಗುತ್ತೆ ಅಂತ ತುಂಬಾ ಜನ ನಂಬ್ತಾರೆ, ಆದ್ರೆ ಮೇಲೆ ಹೋದಷ್ಟೂ ಶಬ್ದಕ್ಕೆ ಅಡ್ಡ ಬರೋ ಗೋಡೆ, ಮರ ಏನೂ ಇರಲ್ಲ. ಡಬಲ್ ಗ್ಲಾಸ್ ಕಿಟಕಿ ಮಾತು, ಹಾರ್ನು ತಡೆಯುತ್ತೆ, ಡುಮ್ ಡುಮ್ ಅನ್ನೋ ಬೇಸ್ ಮಾತ್ರ ಅಷ್ಟು ಸುಲಭವಾಗಿ ನಿಲ್ಲಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಅಂತ ಮಾಡಿದ ಮಾರ್ಗಸೂಚಿಯಲ್ಲಿ ರಾತ್ರಿ ಹೊತ್ತು ರಸ್ತೆ ಶಬ್ದ ಸರಾಸರಿ 45 ಡೆಸಿಬಲ್ ಒಳಗಿರ್ಲಿ ಅಂತ ಹೇಳಿದೆ. ಫೋನಿನ ಆ್ಯಪ್‌ನಲ್ಲಿ ಅಂದಾಜು ಗೊತ್ತಾಗುತ್ತೆ, ಶುಕ್ರವಾರ ರಾತ್ರಿ ಹನ್ನೊಂದರ ಮೇಲೆ ಹೋಗಿ ಅಳೆದು ನೋಡಿ. ಹಾಗೇ ಬೆಳಗಿನ ಜಾವಾನೂ ಒಂದ್ಸಲ ಹೋಗಿ, ಹೋಟೆಲ್‌ಗಳ ಖಾಲಿ ಬಾಟಲಿಗಳನ್ನ ಕಸದ ಲಾರಿಗೆ ಸುರಿಯೋ ಸದ್ದು ಕೇಳ್ಸಿಕೊಂಡ್ರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತೆ.

ಎದುರಿಗಿರೋದು ಕೆರೆನೋ ನದಿನೋ ಆದ್ರೆ ಸೊಳ್ಳೆ, ಬೇಸಿಗೆಯಲ್ಲಿ ನೀರು ಇಳಿದಾಗ ಬರೋ ವಾಸನೆ ವಿಚಾರಿಸಿ. ಸಮುದ್ರ ಆದ್ರೆ ಉಪ್ಪುಗಾಳಿ, ಇದು ದೊಡ್ಡ ವಿಷ್ಯ. ಬಾಲ್ಕನಿಗೆ ಹೋದಾಗ ನೀರು ನೋಡೋ ಮೊದ್ಲು ರೇಲಿಂಗ್ ಬುಡದ ಬೋಲ್ಟ್ ನೋಡಿ, ಅಲ್ಲಿಂದ ಕಂದು ಬಣ್ಣದ ಗೆರೆ ಇಳಿದಿದ್ರೆ ತುಕ್ಕು ಶುರುವಾಗಿದೆ ಅಂತ ಅರ್ಥ. ಸ್ಟೀಲ್ ಅಂದ್ರೆ ಎಲ್ಲಾ ಒಂದೇ ಅಲ್ಲ, 304 ನಂಬರಿನ ಸ್ಟೇನ್‌ಲೆಸ್ ಸ್ಟೀಲಿಗೆ ಉಪ್ಪು ತಾಗಿದ್ರೆ ಕಲೆ ಬೀಳುತ್ತೆ, 316ರಲ್ಲಿ ಮಾಲಿಬ್ಡಿನಮ್ ಅನ್ನೋ ಲೋಹ ಇರೋದ್ರಿಂದ ಅದು ಜಾಸ್ತಿ ತಡ್ಕೊಳ್ಳುತ್ತೆ. ಇನ್ನೂ ಕೆಟ್ಟದ್ದು ಒಳಗೆ ಆಗೋದು: ಉಪ್ಪಿನ ಕ್ಲೋರೈಡ್ ಕಾಂಕ್ರೀಟ್ ಒಳಗಿಳಿದು ಕಂಬಿಗೆ ತಲುಪಿದ್ರೆ ಕಂಬಿ ತುಕ್ಕು ಹಿಡಿದು ಊದ್ಕೊಂಡು ಕಾಂಕ್ರೀಟನ್ನೇ ಒಡೆಯುತ್ತೆ. ಪಾರ್ಕಿಂಗ್ ಸೀಲಿಂಗಲ್ಲಿ ಬಿರುಕು, ಪೊರೆ ಎದ್ದಿರೋದು ಕಂಡ್ರೆ ಅಸೋಸಿಯೇಶನ್‌ನೋರ ಹತ್ರ ರಿಪೇರಿ ಲೆಕ್ಕ ಕೇಳಿ, ದುಡ್ಡು ಕೂಡಿಟ್ಟಿದ್ದಾರಾ ಇಲ್ವಾ ಅಂತಾನೂ ಕೇಳಿ. ಕೇಳೋಕೆ ಸಂಕೋಚ ಬೇಡ, ಆಮೇಲೆ ಆ ಖರ್ಚು ನಿಮ್ಮ ತಲೆಗೇ ಬರೋದು.

ನೀರು ನುಗ್ಗೋ ವಿಚಾರದಲ್ಲಿ ಹತ್ತನೇ ಫ್ಲೋರ್‌ನಲ್ಲಿದ್ದೀವಿ, ನಮಗೇನು ಅನ್ಬೇಡಿ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕಿನ ಮ್ಯಾನ್‌ಹಟನ್ ದಕ್ಷಿಣ ತುದಿಯಲ್ಲಿ ಸಮುದ್ರ ಮಾಮೂಲಿ ಇಳಿತದ ಮಟ್ಟಕ್ಕಿಂತ ನಾಲ್ಕು ಮೀಟರಿಗೂ ಮೇಲೆ ಏರಿತ್ತು, ಎಷ್ಟೋ ಎತ್ತರದ ಕಟ್ಟಡಗಳ ಎಲೆಕ್ಟ್ರಿಕಲ್ ಪ್ಯಾನೆಲ್ಲು, ಪಂಪು ಎಲ್ಲಾ ಬೇಸ್‌ಮೆಂಟಲ್ಲಿದ್ದು ಮುಳುಗಿ ಹೋದ್ವು, ಮೇಲಿನ ಮನೆಗೆ ಒಂದು ಹನಿ ನೀರು ನುಗ್ಗದಿದ್ರೂ ಕರೆಂಟಿಲ್ಲ, ಲಿಫ್ಟಿಲ್ಲ. ಆದ್ರಿಂದ ಜನರೇಟರ್ ಎಲ್ಲಿದೆ, ಪಂಪ್ ಎಲ್ಲಿದೆ ಅಂತ ಕಣ್ಣಾರೆ ನೋಡಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಸಮುದ್ರದ ಉಬ್ಬರ ಜಾಸ್ತಿ ಏರುತ್ತೆ, ಅವತ್ತೇ ಜೋರು ಮಳೆ ಬಂದ್ರೆ ಚರಂಡಿ ನೀರು ಸಮುದ್ರಕ್ಕೆ ಹೋಗಲ್ಲ, ರೋಡಿಗೇ ವಾಪಸ್ ಬರುತ್ತೆ.

ಟ್ರಾಫಿಕ್ ಬಗ್ಗೆ ಒಂದೇ ಮಾತು. ಒಂದು ಕಡೆ ನೀರಿರೋದ್ರಿಂದ ಆಚೆ ಹೋಗೋ ದಾರಿ ಕಡಿಮೆ, ಮ್ಯಾರಥಾನು, ಹಬ್ಬ, ಪಟಾಕಿ ಶೋ ಅಂತ ಅದನ್ನೂ ಮುಚ್ಚಿದ್ರೆ ಆಂಬುಲೆನ್ಸ್ ಹೇಗೆ ಬರುತ್ತೆ ಅಂತ ಕೇಳ್ಕೊಳ್ಳಿ, ಮನೇಲಿ ವಯಸ್ಸಾದೋರು ಇದ್ರೆ ಇದೊಂದೇ ಕಾರಣಕ್ಕೆ ನಾನು ಬೇಡ ಅಂತೀನಿ.

ಹಾಗಂತ ನಿಮಗೆ ಬೇಡ ಅಂತಿಲ್ಲ. ಕಾರಿಲ್ದೆ ಆಫೀಸಿಗೆ ನಡ್ಕೊಂಡು ಹೋಗೋದು, ಕೆಲ್ಸ ಮುಗಿಸಿ ಸಂಜೆ ಇಬ್ರೂ ದಡದಲ್ಲಿ ಒಂದು ಸುತ್ತು ಹಾಕೋದು, ಇದು ದಿನಾ ಸಿಗೋ ಸುಖ, ಇದಕ್ಕೋಸ್ಕರ ಸ್ವಲ್ಪ ಗಲಾಟೆ ಸಹಿಸ್ಕೊಳ್ಳೋರು ಖಂಡಿತ ಇದ್ದಾರೆ. ನಿಮ್ಮದೂ ಅದೇ ಲೆಕ್ಕ ಆದ್ರೆ, ಅದೇ ಬಿಲ್ಡಿಂಗಲ್ಲಿ ಹಾಲ್ ನೀರಿನ ಕಡೆ ಇದ್ದು ಬೆಡ್‌ರೂಮ್ ಹಿಂದಿನ ಕಡೆ ಇರೋ ಫ್ಲ್ಯಾಟ್ ಬಾಡಿಗೆಗಿದ್ಯಾ ಅಂತ ವಾಚ್‌ಮ್ಯಾನ್ ಹತ್ರ ವಿಚಾರಿಸಿ, ಮಳೆಗಾಲಕ್ಕೆ ಮುಂಚೆ ಶಿಫ್ಟ್ ಆಗೋ ಹಾಗೆ ನೋಡ್ಕೊಳ್ಳಿ.