ಹಳದಿ ಬೇರು, ಕೊಬ್ಬು ತುಂಬಿದ ಯಕೃತ್ತು

ಮುರಿದರೆ ಒಳಗೆ ಕಡು ಹಳದಿ, ನಾಲಗೆಗೆ ತಾಗಿದರೆ ತಡೆಯಲಾರದ ಕಹಿ. ಚೀನಾದ ಗಿಡಮೂಲಿಕೆ ಅಂಗಡಿಗಳಲ್ಲಿ ಸಿಗುವ ಹುವಾಂಗ್‌ಲಿಯಾನ್ ಬೇರಿನ ಗುರುತು ಇದು. ಅಲ್ಲಿಯವರು ಶತಮಾನಗಳಿಂದ ಅದನ್ನು ಭೇದಿಗೆ ಬಳಸುತ್ತ ಬಂದಿದ್ದಾರೆ. ಅದರಲ್ಲಿರುವ ಬರ್ಬರೀನ್ ಎಂಬ ರಾಸಾಯನಿಕ ಯಕೃತ್ತಿನಲ್ಲಿ ಕೊಬ್ಬು ತುಂಬುವ ಫ್ಯಾಟಿ ಲಿವರ್‌ಗೂ ಆದೀತೇ ಎಂಬುದು ಈಚಿನ ಪ್ರಶ್ನೆ.

ಚೀನೀ ಮೂಲಿಕೆಗಳ ಪರವಾಗಿ ಪ್ರಯೋಗಗಳಿಗೇನೂ ಬರವಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದು ಫ್ಯಾಟಿ ಲಿವರ್ ಕುರಿತ 77 ಪ್ರಯೋಗಗಳನ್ನು, 6,753 ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಅನೇಕ ಪ್ರಯೋಗಗಳಲ್ಲಿ ಯಕೃತ್ತಿನ ಕಿಣ್ವಗಳ ಮಟ್ಟ ಇಳಿದಿತ್ತು, ಸ್ಕ್ಯಾನ್ ಚಿತ್ರ ಸುಧಾರಿಸಿತ್ತು. ಆದರೆ ಪರೀಕ್ಷೆಗೆ ಒಳಗಾದ ಔಷಧಗಳು 75 ಬಗೆಯವು! ಹೆಚ್ಚುಕಡಿಮೆ ಪ್ರಯೋಗಕ್ಕೊಂದು ಮದ್ದು. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಒರೆಗೆ ಹಚ್ಚಿದ್ದು ಅಪರೂಪ. ಸಾವು ಕಡಿಮೆಯಾಯಿತೇ, ಯಕೃತ್ತು ಕೆಡುವುದು ತಪ್ಪಿತೇ ಎಂಬುದನ್ನು ಒಂದು ಪ್ರಯೋಗವೂ ಹೇಳಿರಲಿಲ್ಲ. ಎಲ್ಲದರಲ್ಲೂ ಪಕ್ಷಪಾತ ನುಸುಳುವ ಅಪಾಯ ಹೆಚ್ಚಾಗಿತ್ತು.

ಬರ್ಬರೀನ್ ಇದಕ್ಕಿಂತ ಸ್ವಲ್ಪ ಗಟ್ಟಿ ನೆಲದ ಮೇಲಿದೆ. ಚೀನಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 184 ಜನರನ್ನು ಮೂರು ಗುಂಪು ಮಾಡಿದರು. ಎಲ್ಲರಿಗೂ ಪಥ್ಯ, ವ್ಯಾಯಾಮ. ಒಂದು ಗುಂಪಿಗೆ ಅಷ್ಟೇ. ಇನ್ನೊಂದಕ್ಕೆ ಜೊತೆಗೆ ಸಕ್ಕರೆ ಕಾಯಿಲೆಯ ಮದ್ದಾದ ಪಯೋಗ್ಲಿಟಜೋನ್. ಮತ್ತೊಂದಕ್ಕೆ ದಿನಕ್ಕೆ ಮೂರು ಸಲ 500 ಮಿಲಿಗ್ರಾಂ ಬರ್ಬರೀನ್. 16 ವಾರಗಳ ಬಳಿಕ ಅಳೆದಾಗ ಬರ್ಬರೀನ್ ಗುಂಪಿನವರ ಯಕೃತ್ತಿನ ಕೊಬ್ಬು ಶೇ. 52.7ರಷ್ಟು ಇಳಿದಿತ್ತು. ಔಷಧವೇ ಇಲ್ಲದವರಲ್ಲಿ? ಶೇ. 36.4. ಜಾಹೀರಾತುಗಳು ಮೊದಲ ಅಂಕಿಯನ್ನು ಹಿಡಿದುಕೊಂಡರೆ ಆಶ್ಚರ್ಯವಿಲ್ಲ. ನನ್ನ ಕಣ್ಣು ನಿಲ್ಲುವುದು ಎರಡನೆಯದರ ಮೇಲೆ. ಕೆಲಸದ ಬಹುಪಾಲನ್ನು ಊಟ ಮತ್ತು ನಡಿಗೆಯೇ ಮಾಡಿ ಮುಗಿಸಿದ್ದವು. ಅಲ್ಲದೆ ಯಾರಿಗೆ ಯಾವ ಔಷಧವೆಂಬುದು ಇಲ್ಲಿ ಗುಟ್ಟಾಗಿರಲಿಲ್ಲ.

2021ರಲ್ಲಿ ವರದಿಯಾದ ಇನ್ನೊಂದು ಪ್ರಯೋಗ ಆ ಕೊರತೆಯನ್ನು ನೀಗಿಸಿತು. ಸಕ್ಕರೆ ಕಾಯಿಲೆಯೂ ಇದ್ದ 100 ರೋಗಿಗಳಲ್ಲಿ ಕೆಲವರಿಗೆ ಬರ್ಬರೀನನ್ನು ಪಿತ್ತಾಮ್ಲವೊಂದರ ಜೊತೆ ಬೆಸೆದ ಔಷಧ, ಉಳಿದವರಿಗೆ ಹುಸಿ ಮಾತ್ರೆ. 18 ವಾರಗಳಲ್ಲಿ ಯಕೃತ್ತಿನ ಕೊಬ್ಬಿನ ಪ್ರಮಾಣ ಹೆಚ್ಚಿನ ಡೋಸ್ ಪಡೆದವರಲ್ಲಿ 4.8 ಶೇಕಡಾವಾರು ಅಂಶ, ಹುಸಿ ಮಾತ್ರೆಯವರಲ್ಲಿ 2 ಶೇಕಡಾವಾರು ಅಂಶ ಇಳಿಯಿತು. ಭರವಸೆಯ ಫಲಿತಾಂಶವೇ ಸರಿ. ಆದರೆ ಕೊಬ್ಬಿನಿಂದ ಯಕೃತ್ತು ಹಾನಿಗೊಂಡು ಗಡುಸಾಗುವುದಕ್ಕೆ ವರ್ಷಗಟ್ಟಲೆ ಬೇಕು. ನಾಲ್ಕು ತಿಂಗಳ ಪ್ರಯೋಗ ಅದನ್ನು ಕಾಣಲಾರದು.

ನಮ್ಮ ಪಶ್ಚಿಮಘಟ್ಟದ ಮರದರಿಶಿನ ಬಳ್ಳಿಯಲ್ಲೂ ಬರ್ಬರೀನ್ ಇದೆ. ಹಾಗೆಂದು ಅದರ ಕಾಂಡ ಕುದಿಸಿ ಕುಡಿಯುವುದಕ್ಕೂ ತೂಕ ಮಾಡಿದ ಶುದ್ಧ ಮಾತ್ರೆಗೂ ತಾಳೆಯಾಗದು. ಆ ಬಳ್ಳಿಯೋ, ಕಿತ್ತು ಕಿತ್ತು ಈಗಾಗಲೇ ಅಪರೂಪವಾಗಿದೆ.

ಚೀನಾದ ಇನ್ನೊಂದು ಹೆಸರಾಂತ ಬೇರು ಹೆ ಶೌ ವು. ಕೊಲೆಸ್ಟರಾಲ್ ಇಳಿಸಲು, ಕೂದಲು ಕಪ್ಪಾಗಿಸಲು ಜನ ಅದನ್ನು ಸೇವಿಸುತ್ತಾರೆ. ಅದನ್ನು ತಿಂದು ಕಾಮಾಲೆ ಬಂದವರಿದ್ದಾರೆ, ಯಕೃತ್ತೇ ವಿಫಲವಾದವರೂ ಇದ್ದಾರೆ. ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಂದು ನಿರ್ದಿಷ್ಟ ಜೀನ್ ರೂಪವುಳ್ಳವರಿಗೆ ಈ ಅಪಾಯ ಬಹಳ ಹೆಚ್ಚೆಂದು ಚೀನಾದ ವಿಜ್ಞಾನಿಗಳೇ 2019ರಲ್ಲಿ ತೋರಿಸಿದರು. ಅಂಗಡಿಯಲ್ಲಿ ಬೇರು ಕಟ್ಟಿಸಿಕೊಳ್ಳುವ ಮುನ್ನ ಯಾರೂ ಜೀನ್ ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ.